ಸ್ವಯಂಗಾಯಕ ಮೀಮಾಂಸೆ ಅಥವಾ ಬಾಡಿಗೆ ಕಿವಿಯ ಸಿದ್ಧಾಂತ

ಹಾಡುವುದನ್ನು ತಾನೇ ಕಲಿಯಬಹುದೇ, ಇಲ್ಲ ಗುರುವಿನ ಮುಂದೆ ಕೂತೇ ಕಲಿಯಬೇಕೇ ಎಂಬ ವಿವಾದವನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎಲ್ಲೆಯೊಳಗಿಟ್ಟು ಇತ್ಯರ್ಥ ಮಾಡುವುದು ಈ ಪ್ರಬಂಧದ ಉದ್ದೇಶ. ಬೇರೆ ಸೀಮೆಯನ್ನೂ ಆಯ್ದುಕೊಳ್ಳಬಹುದಿತ್ತು. ಆದರೆ ಬೇರೆ ಸೀಮೆಗಳಲ್ಲಿ ಹಾಡಲು ಬಾರದಿರುವುದು ಖಾಸಗಿ ಸಂಗತಿ. ಇಲ್ಲಿ ಅದು ಸಾರ್ವಜನಿಕ ಲೋಪ. ಗದುಗಿನವರು ಎಂದು ಹೇಳಿಕೊಂಡ ಕೂಡಲೇ ಪರಸ್ಥಳದವರು ಭೀಮಸೇನ ಜೋಶಿ ಎನ್ನುತ್ತಾರೆ, ಪಂಚಾಕ್ಷರಿ ಗವಾಯಿ ಎನ್ನುತ್ತಾರೆ, ಪುಟ್ಟರಾಜ ಗವಾಯಿ ಎನ್ನುತ್ತಾರೆ, ಆಮೇಲೆ ಕೇಳಲು ಸಿದ್ಧರಾದವರ ಹಾಗೆ ಮುಖ ಮಾಡಿ ಸುಮ್ಮನೆ ಕೂಡುತ್ತಾರೆ. ಎದುರಿಗಿದ್ದವನು ಶೇಂಗಾ ದಲಾಲಿಯಾಗಿರಲಿ, ಛಾಪಖಾನೆಯಲ್ಲಿ ಮೊಳೆ ಜೋಡಿಸಿ ನಿವೃತ್ತನಾದವನಾಗಿರಲಿ, ಒಂದು ಆಲಾಪವನ್ನಾದರೂ ತೆಗೆಯದೆ ಅವನಿಗೆ ಬಿಡುಗಡೆಯಿಲ್ಲ. ಊರಿನ ಕೀರ್ತಿ ಗಂಟಲಿನ ಶಕ್ತಿಯನ್ನು ಮೀರಿದ ಕಡೆ ಸ್ವಯಂಗಾಯಕರ ಉತ್ಪತ್ತಿ ಹೆಚ್ಚು ಎಂಬುದು ನಮ್ಮ ಮೊದಲ ಗೃಹೀತ. ಸ್ವಯಂಗಾಯಕನ ಲಕ್ಷಣವನ್ನು ಹೀಗೆ ಕಟ್ಟಿಕೊಳ್ಳೋಣ: ಯಾರಿಂದಲೂ ಕಲಿಯದೆ, ಯಾರೂ ಕೇಳದೆ, ಎಲ್ಲರಿಗೂ ಕೇಳಿಸುವಂತೆ ಹಾಡುವವನು. ಅತಿವ್ಯಾಪ್ತಿ ದೋಷದಿಂದ ಈ ಲಕ್ಷಣ ಬಸ್ ನಿಲ್ದಾಣದ ಧ್ವನಿವರ್ಧಕಕ್ಕೂ ಅನ್ವಯಿಸುತ್ತದೆ ಎಂದು ಆಕ್ಷೇಪಿಸುವವರಿಗೆ, ಅದು ಬಸ್ಸಿನ ವೇಳೆಯನ್ನಾದರೂ ಹೇಳುತ್ತದೆ ಎಂದು ಉತ್ತರಿಸಿ ಮುಂದೆ ಹೋಗುತ್ತೇವೆ.

ಸ್ವಯಂಗಾಯಕರ ಘರಾಣೆಗೆ ಬಚ್ಚಲು ಘರಾಣೆ ಎಂದು ಹೆಸರು. ಇದು ಪ್ರಾಚೀನವೆಂದು ಅದರ ಅನುಯಾಯಿಗಳು ಹೇಳಿಕೊಂಡರೂ ಸಾಕ್ಷ್ಯ ಹಾಗೆ ಹೇಳುವುದಿಲ್ಲ. ಈ ಭಾಗದ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಅಡಿಗೆಮನೆಯ ಮೂಲೆಯ ಒಂದು ಹಾಸುಗಲ್ಲು, ಎದೆಮಟ್ಟದ ಒಂದು ಮೋಟುಗೋಡೆ, ಹೊಗೆ ಹಿಡಿದ ತಾಮ್ರದ ಹಂಡೆ. ಅಲ್ಲಿ ಹೊರಟ ದನಿ ಗೋಡೆ ದಾಟಿ, ಮಣ್ಣಿನ ಮಾಳಿಗೆಗೆ ತಾಗಿ, ಅಲ್ಲೇ ಇಂಗಿಹೋಗುತ್ತಿತ್ತು. ಜೊತೆಗೆ ಒಲೆಯ ಮುಂದಿನವರು ‘ಲಗೂನ ಮುಗಸ’ ಎನ್ನುತ್ತಿದ್ದರು. ನುಣುಪು ಟೈಲ್ಸಿನ ನಾಲ್ಕು ಗೋಡೆ, ಮುಚ್ಚುವ ಬಾಗಿಲು ಬಂದ ಮೇಲೆಯೇ ದನಿ ಗೋಡೆಯಿಂದ ಗೋಡೆಗೆ ಪುಟಿದು, ಎರಡಾಗಿ ಮೂರಾಗಿ, ಹಾಡಿದವನಿಗೆ ದುಂಡಗೆ ಮರಳಿತು. ಆದಕಾರಣ ಬಚ್ಚಲು ಗಾಯನದ ಇತಿಹಾಸ ಟೈಲ್ಸಿನ ಇತಿಹಾಸಕ್ಕಿಂತ ಹಿಂದೆ ಹೋಗಲಾರದು. ಗದಗ-ಬೆಟಗೇರಿಯಲ್ಲಿ ಈ ಘರಾಣೆಗೆ ಇನ್ನೊಂದು ಸ್ಥಳೀಯ ಮಿತಿಯಿದೆ. ತುಂಗಭದ್ರೆಯ ನೀರು ನಲ್ಲಿಗೆ ಬರುವುದು ಎಷ್ಟು ದಿನಕ್ಕೊಮ್ಮೆ ಎಂಬುದು ಇಲ್ಲಿ ಪಂಚಾಂಗಕ್ಕೂ ಗೊತ್ತಿಲ್ಲದ ವಿಷಯವಾದ್ದರಿಂದ, ಸ್ನಾನವೆಂದರೆ ಒಂದು ಬಕೆಟ್, ಹಾಡೆಂದರೆ ಒಂದು ಬಕೆಟ್ಟಿನಷ್ಟು ಹಾಡು. ವಿಲಂಬಿತ ಖ್ಯಾಲು ಈ ಘರಾಣೆಯಲ್ಲಿ ಬೆಳೆಯದಿರುವುದಕ್ಕೆ ಕಾರಣವನ್ನು ಪ್ರತಿಭೆಯಲ್ಲಿ ಹುಡುಕದೆ ನಗರಸಭೆಯಲ್ಲಿ ಹುಡುಕಬೇಕು.

ಇನ್ನು ಸಿದ್ಧಾಂತ. ಮನುಷ್ಯ ತನ್ನ ದನಿಯನ್ನು ಎರಡು ದಾರಿಯಿಂದ ಕೇಳುತ್ತಾನೆ. ಒಂದು, ಬಾಯಿಂದ ಹೊರಟು ಗಾಳಿಯ ಮೂಲಕ ಕಿವಿಗೆ ಬರುವುದು. ಇದನ್ನು ಊರೆಲ್ಲ ಕೇಳುತ್ತದೆ. ಇನ್ನೊಂದು, ಗಂಟಲಿನ ಕಂಪನ ತಲೆಬುರುಡೆಯ ಎಲುಬಿನ ಮೂಲಕ ನೇರವಾಗಿ ಒಳಗಿವಿಗೆ ಮುಟ್ಟುವುದು. ಇದನ್ನು ಅವನೊಬ್ಬನೇ ಕೇಳುತ್ತಾನೆ. ಎಲುಬಿನ ದಾರಿ ಕೆಳಗಿನ ಕಂಪನಗಳನ್ನು ಹೆಚ್ಚಿಸಿ ಕೊಡುತ್ತದೆ. ಅದಕ್ಕಾಗಿಯೇ ಪ್ರತಿಯೊಬ್ಬನಿಗೂ ತನ್ನ ದನಿ ಗಂಭೀರವಾಗಿ, ತುಂಬಿಕೊಂಡಂತೆ ಕೇಳುತ್ತದೆ, ಮೊಬೈಲಿನಲ್ಲಿ ಮುದ್ರಿಸಿ ಕೇಳಿಸಿದಾಗ ‘ಇದು ನಂದಲ್ಲ’ ಎಂದು ಹೌಹಾರುತ್ತಾನೆ. ಅದು ಅವನದೇ. ಎಂದರೆ, ಸ್ವಯಂಗಾಯಕನ ಪರೀಕ್ಷಕನಾದ ಅವನ ಕಿವಿ ಮೊದಲೇ ಎಲುಬಿನ ಜೊತೆ ಶಾಮೀಲಾಗಿದೆ. ಲಂಚ ತಿಂದ ನ್ಯಾಯಾಧೀಶನ ಮುಂದೆ ಗೆದ್ದ ದಾವೆ ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇಲ್ಲಿಂದ ನಮ್ಮ ಸಿದ್ಧಾಂತ ಹುಟ್ಟುತ್ತದೆ: ಗುರುವಿನ ಮುಖ್ಯ ಅಂಗ ಬಾಯಿ ಎಂದು ಲೋಕ ತಪ್ಪು ತಿಳಿದಿದೆ, ಅದು ಕಿವಿ. ಸರಿಗಮ ಹೇಳಿಕೊಡಲು ಪುಸ್ತಕ ಸಾಕು, ಪೇಟಿ ಸಾಕು, ಈಗ ಫೋನೂ ಸಾಕು. ಶಿಷ್ಯ ದಕ್ಷಿಣೆ ಕೊಟ್ಟು ಪಡೆಯುವುದು ತನ್ನ ಎಲುಬಿಗೆ ಅಂಟಿಕೊಂಡಿಲ್ಲದ ಒಂದು ಜೊತೆ ಕಿವಿಯನ್ನು, ಬಾಡಿಗೆಯ ಮೇಲೆ.

ಈ ಸಿದ್ಧಾಂತಕ್ಕೆ ಗದುಗಿಗಿಂತ ಉತ್ತಮ ಪ್ರಯೋಗಶಾಲೆ ಸಿಗದು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಕರ್ನಾಟಕಿಯನ್ನೂ ಹಿಂದೂಸ್ತಾನಿಯನ್ನೂ ಕಲಿತು, ಸಂಚಾರಿ ಪಾಠಶಾಲೆ ಕಟ್ಟಿಕೊಂಡು ಊರೂರು ಅಲೆದು, ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆಯಾದವರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಇದನ್ನು ಭಕ್ತರು ಪವಾಡವೆನ್ನುತ್ತಾರೆ. ಪ್ರಬಂಧಕಾರರಾದ ನಮಗೆ ಇದು ವಿಧಾನ. ಕಣ್ಣಿರುವ ಗುರುವನ್ನು ಶಿಷ್ಯ ಹಲವು ರೀತಿಯಲ್ಲಿ ವಂಚಿಸಬಲ್ಲ. ತಾನು ಬೇಕೆಂದ ಕಡೆ ಕಣ್ಣು ಮುಚ್ಚಬಹುದು, ಮುಟ್ಟದ ಸ್ವರದ ಕಡೆಗೆ ಕೈಯನ್ನಾದರೂ ಎತ್ತಿ ತೋರಿಸಬಹುದು, ತಬಲಾದವನ ಕಡೆ ತಿರುಗಿ ತಪ್ಪು ಅವನದೆಂಬಂತೆ ಹುಬ್ಬು ಹಾರಿಸಬಹುದು. ಈ ಹಸ್ತಮುದ್ರೆಗಳಲ್ಲಿ ಅರ್ಧ ಕಛೇರಿ ಮುಗಿಸುವವರಿದ್ದಾರೆ. ಪುಣ್ಯಾಶ್ರಮದಲ್ಲಿ ಇದಾವುದೂ ನಾಣ್ಯವಾಗಿ ಚಲಾವಣೆಯಾಗಲಿಲ್ಲ. ಸ್ವರವಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಶಾಲಿನ ಬಣ್ಣಕ್ಕೆ ಅಂಕವಿಲ್ಲ. ಆ ಪರೀಕ್ಷೆಯಲ್ಲಿ ಪಾಸಾಗಿ ಹೊರಬಿದ್ದವರಲ್ಲಿ ಬಸವರಾಜ ರಾಜಗುರು ಇದ್ದಾರೆ, ಸಿದ್ಧರಾಮ ಜಂಬಲದಿನ್ನಿ ಇದ್ದಾರೆ. ಬಳ್ಳಾರಿ ಸೀಮೆಯಿಂದ ಹುಡುಗನಾಗಿ ಬಂದು ಹತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಹಾಡಿದ ವೆಂಕಟೇಶಕುಮಾರ್ ಇದ್ದಾರೆ. ಅಲ್ಲಿ ಕಲಿಕೆಗೆ ಶುಲ್ಕವಿರಲಿಲ್ಲ. ಭಕ್ತರು ಊರೂರಿನಲ್ಲಿ ತಕ್ಕಡಿ ಕಟ್ಟಿ ಪುಟ್ಟರಾಜರ ತುಲಾಭಾರ ಮಾಡಿ, ಆಶ್ರಮದ ಮಕ್ಕಳ ಅನ್ನದ ಖರ್ಚಿಗೆ ಹೆಗಲು ಕೊಟ್ಟರು. ಶಿಷ್ಯನಿಗೆ ಹಗುರಾಗಲೆಂದು ಗುರುವೇ ತಕ್ಕಡಿಯಲ್ಲಿ ಕೂಡುವ ಅರ್ಥವ್ಯವಸ್ಥೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಕಂಡುಬಂದಿಲ್ಲ.

ಇಷ್ಟಕ್ಕೆ ಬಚ್ಚಲು ಘರಾಣೆ ಸುಮ್ಮನಾಗುವುದಿಲ್ಲ. ‘ಭೀಮಸೇನ ಜೋಶಿಯವರಿಗೆ ಹಾಡಿನ ಹುಚ್ಚು ಹಿಡಿಸಿದ್ದು ಯಾವ ಗುರು? ಒಂದು ಗ್ರಾಮೊಫೋನ್ ರೆಕಾರ್ಡು!’ ಎಂಬುದು ಅದರ ಮೊದಲ ಅಸ್ತ್ರ. ಅಬ್ದುಲ್ ಕರೀಂ ಖಾನರ ಠುಮ್ರಿಯ ಮುದ್ರಿಕೆ ಕೇಳಿ ಗದುಗಿನ ಆ ಹುಡುಗ ಮರುಳಾದದ್ದು ನಿಜ. ಆದರೆ ಮುಂದಿನದನ್ನು ಪೂರ್ವಪಕ್ಷ ನುಂಗುತ್ತದೆ. ರೆಕಾರ್ಡೇ ಸಾಕಾಗಿದ್ದರೆ ಹುಡುಗ ಅಂಗಡಿಯ ಮುಂದೆಯೇ ನಿಲ್ಲುತ್ತಿದ್ದ. ಅವನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆಬಿಟ್ಟು ರೈಲು ಹತ್ತಿದ. ಗ್ವಾಲಿಯರ್ ಕಂಡ, ರಾಂಪುರ ಕಂಡ, ಜಲಂಧರದವರೆಗೆ ಹೋದ. ಟಿಕೇಟಿಲ್ಲದೆ ಸಿಕ್ಕಿಬಿದ್ದಾಗ ಹಾಡಿ ಪಾರಾಗುತ್ತಿದ್ದ ಎಂಬ ಕಥೆ ಪ್ರಸಿದ್ಧವಾಗಿದೆ. ಟಿಕೇಟು ತಪಾಸಣೆಯವನದೂ ಬಾಡಿಗೆ ಕಿವಿಯೇ ಎಂಬುದನ್ನು ಗಮನಿಸಬೇಕು. ಮೆಚ್ಚದಿದ್ದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿಸುವ ಅಧಿಕಾರ ಅವನಿಗಿತ್ತು, ಟೈಲ್ಸಿಗೆ ಅದಿಲ್ಲ. ಕೊನೆಗೆ ಜಲಂಧರದಲ್ಲಿ ವಿನಾಯಕಬುವಾ ಪಟವರ್ಧನರಿಂದ ತಿಳಿದದ್ದೇನು? ಅರಸುತ್ತಿದ್ದ ಗುರು ಮನೆಯ ಮಗ್ಗುಲಲ್ಲೇ, ಹುಬ್ಬಳ್ಳಿಯಾಚೆ ಕುಂದಗೋಳದಲ್ಲಿದ್ದಾರೆ ಎಂಬುದು. ಸವಾಯಿ ಗಂಧರ್ವರ ಮನೆಯಲ್ಲಿ ಆ ಶಿಷ್ಯನ ಪಾಲಿಗೆ ಬಂದ ಕೆಲಸಗಳಲ್ಲಿ ನೀರು ಹೊರುವುದೂ ಒಂದು. ಎರಡೂ ಪಂಥಗಳಲ್ಲಿ ಮೂಲದ್ರವ್ಯ ನೀರೇ ಎಂಬ ಈ ಸಾಮ್ಯವನ್ನು ಹಿಂದಿನ ವಿದ್ವಾಂಸರು ಗುರುತಿಸಿಲ್ಲ. ಒಂದರಲ್ಲಿ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ, ಇನ್ನೊಂದರಲ್ಲಿ ಸುರಿದುಕೊಳ್ಳುತ್ತಾರೆ. ಫಲಭೇದ ಅದರಿಂದಲೇ ಉಂಟಾಗುತ್ತದೆ ಎಂದು ತೋರುತ್ತದೆ.

ಗ್ರಾಮೊಫೋನ್ ಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೆಳಗಾವಿ ಸೀಮೆಯ ಸೂಳೇಭಾವಿಯಲ್ಲಿದೆ. ಅಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿ ಎಂಬ ಬಾಲಕ ದೊಡ್ಡ ದೊಡ್ಡ ಉಸ್ತಾದರ ರೆಕಾರ್ಡುಗಳನ್ನು ಕೇಳಿ, ಪಾಠವಿಲ್ಲದೆ, ಇದ್ದಕ್ಕಿದ್ದ ಹಾಗೆ ಹಾಡುತ್ತಿದ್ದ. ಕುಮಾರ ಗಂಧರ್ವನೆಂಬ ಹೆಸರು ಗಳಿಸಿದ್ದೂ ಹಾಗೆಯೇ. ಗುರುಪಕ್ಷದವರು ಇಲ್ಲಿ ಕೆಮ್ಮಿ ವಿಷಯ ಬದಲಿಸುವುದುಂಟು. ನಾವು ಬದಲಿಸುವುದಿಲ್ಲ. ಅಂಥ ಮಗುವಿಗೆ ಕೀರ್ತಿ ಬಂದಮೇಲೆ ಮನೆಯವರು ಮಾಡಿದ್ದು ಇನ್ನಷ್ಟು ರೆಕಾರ್ಡು ಕೊಂಡುತಂದದ್ದಲ್ಲ, ಮುಂಬಯಿಗೆ ಒಯ್ದು ಬಿ. ಆರ್. ದೇವಧರರ ಕೈಗೆ ಒಪ್ಪಿಸಿದ್ದು. ಆ ಕಾಲದ ರೆಕಾರ್ಡಿನ ಒಂದು ಮಗ್ಗಲು ಮೂರು ನಿಮಿಷ ಚಿಲ್ಲರೆ. ಅದು ನೂರು ಸಲ ಹಾಡಿದರೂ ಒಂದೇ ರೀತಿ ಹಾಡುತ್ತದೆ, ನೀವು ನೂರು ಸಲ ತಪ್ಪಿದರೂ ಸಿಟ್ಟಾಗುವುದಿಲ್ಲ. ಸಿಟ್ಟಾಗದ ಗುರು ಅಗ್ಗ, ಅಷ್ಟೆ. ಏಕಲವ್ಯನ ಮಣ್ಣಿನ ದ್ರೋಣನೂ ಇದೇ ಜಾತಿ: ಕಲಿಯುವಾಗ ಒಂದು ಕಾಸೂ ಕೇಳದೆ, ಎಲ್ಲ ಮುಗಿದ ಮೇಲೆ ನಿಜವಾದ ದ್ರೋಣನನ್ನು ಬಿಲ್ಲು ವಸೂಲಿಗೆ ಕಳಿಸಿದ. ಮೊದಲ ತಿಂಗಳು ಉಚಿತವೆಂದು ಬ್ಯಾಂಕ್ ಖಾತೆಯ ವಿವರ ಕೇಳುವ ಈಗಿನ ಸಂಗೀತದ ಆ್ಯಪುಗಳು ಈ ಉಪಾಖ್ಯಾನವನ್ನು ಶ್ರದ್ಧೆಯಿಂದ ಓದಿರುವಂತಿವೆ.

‘ಕೋಗಿಲೆಗೆ ಯಾರು ಕಲಿಸಿದರು?’ ಎಂಬುದು ಎರಡನೆಯ ಆಕ್ಷೇಪ. ಇದನ್ನು ಕೇಳುವವರು ಉತ್ತರ ಇಲ್ಲವೆಂದು ನಂಬಿ ನಗುತ್ತಾರೆ, ಉತ್ತರವಿದೆ. ಕಾಗೆಯ ಗೂಡಿನಲ್ಲಿ ಬೆಳೆದರೂ ಕಾವ್ ಎನ್ನದೆ ಕುಹೂ ಎನ್ನುವ ಕೋಗಿಲೆಗೆ ಯಾರೂ ಕಲಿಸಿಲ್ಲ, ಒಪ್ಪಿದೆವು. ಅದರ ಕೂಗು ಹುಟ್ಟಿನಲ್ಲೇ ಬಂದದ್ದು. ಆದ್ದರಿಂದಲೇ ಅದು ಸಾಯುವವರೆಗೆ ಅದೇ ಎರಡು ಸ್ವರಗಳನ್ನು ಏರಿಸಿ ಏರಿಸಿ ಕೂಗುತ್ತದೆ. ಒಂದು ಅಂತರಾ ಸಹ ಇಲ್ಲ. ನಿಜವಾಗಿ ಹಾಡುವ ಹಕ್ಕಿಗಳ ಜಾತಕ ಬೇರೆ. ಕೇಂಬ್ರಿಜ್‌ನಲ್ಲಿ ಡಬ್ಲ್ಯು. ಎಚ್. ಥಾರ್ಪ್ 1950ರ ದಶಕದಲ್ಲಿ ಚಾಫಿಂಚ್ ಎಂಬ ಹಕ್ಕಿಯ ಮರಿಗಳನ್ನು ಹಿರಿಯರ ದನಿ ಕಿವಿಗೆ ಬೀಳದಂತೆ ಬೇರೆಯಾಗಿ ಸಾಕಿ ನೋಡಿದರು. ದೊಡ್ಡವಾದ ಮೇಲೆ ಅವು ಹಾಡಿದವು, ಆದರೆ ಮೊಟಕಾಗಿ, ವಿನ್ಯಾಸವಿಲ್ಲದೆ, ಜಾತಿಯ ಹಾಡಿನ ಕರಡು ಪ್ರತಿಯ ಹಾಗೆ. ಕೋಗಿಲೆಯನ್ನು ತಮ್ಮ ಲಾಂಛನವಾಗಿ ಇಟ್ಟುಕೊಳ್ಳಲು ಸ್ವಯಂಗಾಯಕರಿಗೆ ಪೂರ್ತಿ ಹಕ್ಕಿದೆ. ಕಾಗೆಯ ಮನೆಯ ಖರ್ಚಿನಲ್ಲಿ ಬೆಳೆದದ್ದನ್ನೂ ಸೇರಿಸಿಕೊಂಡು.

ಮೂರನೆಯ ಆಕ್ಷೇಪ ಹೆಚ್ಚು ಗೌರವಕ್ಕೆ ಅರ್ಹ. ಶಿರಹಟ್ಟಿ, ಮುಂಡರಗಿ ತಾಲ್ಲೂಕಿನ ಹಳ್ಳಿಗಳಲ್ಲಿ ರಾತ್ರಿ ಗುಡಿಯ ಮುಂದೆ ಕೂತು ಭಜನಿ ಪದ ಹಾಡುವವರು ಯಾವ ಬುವಾನ ಹತ್ತಿರ ಗಂಡಾ ಕಟ್ಟಿಸಿಕೊಂಡಿದ್ದಾರೆ? ದಿನವಿಡೀ ಹೊಲದಲ್ಲಿ ದುಡಿದು ಬಂದವರು ತತ್ವಪದವನ್ನು ಮೇಲಿನ ಷಡ್ಜಕ್ಕೆ ಸಲೀಸಾಗಿ ಒಯ್ಯುತ್ತಾರಲ್ಲ? ಒಯ್ಯುತ್ತಾರೆ, ಅನೇಕ ಪದವೀಧರರಿಗಿಂತ ಚೆನ್ನಾಗಿಯೇ. ಆದರೆ ಆ ಮೇಳದಲ್ಲಿ ಮೊದಲ ಸಲ ಕೂಡುವ ಹುಡುಗನನ್ನು ನೋಡಬೇಕು. ಅವನ ಕೈಗೆ ಹಾಡು ಬರುವುದಿಲ್ಲ, ತಾಳ ಬರುತ್ತದೆ. ತಾಳ ತಪ್ಪಿದರೆ ದಪ್ಪು ಬಾರಿಸುವ ಕಾಕಾನ ಮೊಣಕೈ ಪಕ್ಕೆಗೆ ಬರುತ್ತದೆ. ವರ್ಷಗಟ್ಟಲೆ ಹಿಮ್ಮೇಳದಲ್ಲಿ ಎರಡನೆಯ ಸಾಲನ್ನಷ್ಟೇ ಎತ್ತಿ, ಒಂದು ದಿನ ಮುಂದಿನವನಿಗೆ ಗಂಟಲು ಕಟ್ಟಿದಾಗ ‘ತಮ್ಮಾ, ನೀ ಹೇಳ’ ಎಂಬ ಅಪ್ಪಣೆ ಸಿಗುತ್ತದೆ. ಪೇಟಿ ಮಾಸ್ತರ ಕರಿ ಒಂದರಲ್ಲಿ ಹಿಡಿದದ್ದನ್ನು ಹುಡುಗ ಬಿಳಿ ಎರಡಕ್ಕೆ ಹತ್ತಿಸಿದರೆ ಹತ್ತು ಜನ ಒಟ್ಟಿಗೆ ತಿರುಗಿ ನೋಡುತ್ತಾರೆ. ಇದು ಗುರುವಿಲ್ಲದ ಕಲಿಕೆಯಲ್ಲ, ಇಪ್ಪತ್ತು ಕಿವಿಯ ಗುರುವಿನ ಕೈಯಲ್ಲಿ ಕಲಿಕೆ. ಆ ಮೇಳದವರು ಹಾಡುವ ಶಿಶುನಾಳ ಶರೀಫರಿಗೂ ಗೋವಿಂದಭಟ್ಟರೆಂಬ ಗುರುವಿದ್ದರು ಎಂಬುದನ್ನು ಬೇರೆ ನೆನಪಿಸಬೇಕಿಲ್ಲ. ಹೀಗೆ ನಾಲ್ಕೂ ಊರುಗಳಲ್ಲಿ ಹುಡುಕಿದರೆ ಅಪ್ಪಟ ಸ್ವಯಂಗಾಯಕ ಸಿಗುವುದೇ ದುರ್ಲಭ. ಬಹಳಷ್ಟು ಸಲ ಆ ಪದವಿ ಸೂಚಿಸುವುದು, ಹತ್ತು ಜನರ ಹತ್ತಿರ ಕಲಿತು ಒಬ್ಬರಿಗೂ ದಕ್ಷಿಣೆ ಕೊಡದವನನ್ನು.

ಅಪ್ಪಟದವನು ಬಂದದ್ದು ಫೋನಿನ ಜೊತೆಗೆ. ಅವನ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ‘ನಿಮ್ಮ ಸಿದ್ಧಾಂತದಂತೆ ಬೇಕಾದದ್ದು ಹೊರಗಿನ ಕಿವಿ ತಾನೆ? ಮೈಕಿಗೆ ಎಲುಬಿಲ್ಲ. ಮುದ್ರಿಸಿಕೊಂಡು ಕೇಳುತ್ತೇನೆ, ಶ್ರುತಿ ತೋರಿಸುವ ಆ್ಯಪಿನ ಮುಳ್ಳು ನೋಡಿ ತಿದ್ದಿಕೊಳ್ಳುತ್ತೇನೆ.’ ಈ ವಾದದ ಅರ್ಧವನ್ನು ನಾವು ಒಪ್ಪಲೇಬೇಕು. ಷಡ್ಜ ನಿಲ್ಲಿಸುವುದಕ್ಕೆ, ಮದುವೆಯ ಆರತಕ್ಷತೆಯಲ್ಲಿ ಕರಾಓಕೆ ಹಚ್ಚಿ ಒಂದು ಚಿತ್ರಗೀತೆ ದಾಟಿಸುವುದಕ್ಕೆ ಮುಳ್ಳು ಸಾಕು. ತೊಡಕು ಗಾಂಧಾರದ ಹತ್ತಿರ ಶುರುವಾಗುತ್ತದೆ. ಪೇಟಿಯ ಮನೆಗಳನ್ನು ಎಲ್ಲ ಶ್ರುತಿಗೂ ಹೊಂದುವಂತೆ ಸಮನಾಗಿ ಹಂಚಿರುತ್ತಾರೆ. ಹೀಗಾಗಿ ಒಂದು ಮನೆಯ ಅಂತರವನ್ನು 100 ಪಾಲು ಮಾಡಿದರೆ ಅದರ ಶುದ್ಧ ಗಾಂಧಾರ ತಂಬೂರಿಯೊಳಗೆ ತಾನಾಗಿ ಮೊಳಗುವ ಗಾಂಧಾರಕ್ಕಿಂತ ಸುಮಾರು 14 ಪಾಲು ಮೇಲಿರುತ್ತದೆ. 1940ರಿಂದ ಮೂವತ್ತು ವರ್ಷ ಆಕಾಶವಾಣಿ ಪೇಟಿಯನ್ನು ಬಾಗಿಲಾಚೆ ಇಟ್ಟಿದ್ದಕ್ಕೆ ಇಂಥ ತಕರಾರುಗಳೂ ಕಾರಣ. ಆ್ಯಪಿನ ಮುಳ್ಳೂ ಸಾಮಾನ್ಯವಾಗಿ ಪೇಟಿಯ ಲೆಕ್ಕವನ್ನೇ ನಂಬುತ್ತದೆ. ತಂಬೂರಿಗೆ ಸರಿಯಾಗಿ ಹಾಡಿದವನಿಗೆ ಕೆಂಪು, ಪೇಟಿಗೆ ಸರಿಯಾಗಿ ಹಾಡಿದವನಿಗೆ ಹಸಿರು. ಇನ್ನು ದರ್ಬಾರಿಯ ಕೋಮಲ ಗಾಂಧಾರವನ್ನು ಕ್ರಮದಂತೆ ಆಂದೋಲಿಸಿದರೆ ಮುಳ್ಳು ಸನ್ನಿ ಹಿಡಿದಂತೆ ಅತ್ತಿತ್ತ ಬಡಿದುಕೊಂಡು, ಗಾಯಕನಿಗೆ ನಡುಕದ ಬೇನೆಯಿದೆ ಎಂಬ ನಿದಾನಕ್ಕೆ ಬರುತ್ತದೆ. ಇದಕ್ಕೂ ದೊಡ್ಡ ಕೊರತೆಯೆಂದರೆ, ಯಂತ್ರ ಹತ್ತು ತಪ್ಪನ್ನೂ ಒಂದೇ ಸಲ ತೋರಿಸುತ್ತದೆ. ಗುರು ಒಂಬತ್ತನ್ನು ಕೇಳಿಯೂ ಕೇಳದಂತಿದ್ದು, ಈ ತಿಂಗಳು ತಿದ್ದಬಹುದಾದ ಒಂದನ್ನು ಹಿಡಿಯುತ್ತಾನೆ. ಉಳಿದ ಒಂಬತ್ತನ್ನು ಯಾವಾಗ ಕೇಳಿಸಿಕೊಳ್ಳಬೇಕೆಂಬುದೇ ಅವನ ವಿದ್ಯೆ. ಅಲ್ಲದೆ ಮುದ್ರಿಕೆಯನ್ನು ಅಳಿಸುವ ಅಧಿಕಾರ ಆರೋಪಿಯ ಕೈಯಲ್ಲೇ ಇದೆ, ಅವನು ಅಳಿಸುತ್ತಾನೆ. ಕುಂದಗೋಳದಲ್ಲಿ ಆ ಸೌಕರ್ಯವಿರಲಿಲ್ಲ.

ಇಲ್ಲಿ ಎದುರಾಳಿ ತನ್ನ ಬ್ರಹ್ಮಾಸ್ತ್ರ ತೆಗೆಯುತ್ತಾನೆ, ಅದೂ ಗದುಗಿನ ಬತ್ತಳಿಕೆಯಿಂದಲೇ. ಪಂಚಾಕ್ಷರಿ ಗವಾಯಿಗಳ ಮೇಲೆ 1995ರಲ್ಲಿ ಬಂದ ಕನ್ನಡ ಚಿತ್ರದಲ್ಲಿ ಹಿಂದೂಸ್ತಾನಿ ಧಾಟಿಯಲ್ಲಿ ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ. ಅವರು ಶಾಸ್ತ್ರೀಯ ಸಂಗೀತವನ್ನು ಕ್ರಮಬದ್ಧವಾಗಿ ಕಲಿತವರಲ್ಲ. ಗುರುಪರಂಪರೆಯ ಗುರುವಿನ ಕಥೆಗೇ ಗುರುವಿಲ್ಲದವನ ಕಂಠ! ಈ ಆಕ್ಷೇಪ ಕೇಳಿ ನಮ್ಮ ಪ್ರಬಂಧ ಒಂದು ಕ್ಷಣ ಲಯ ತಪ್ಪಿದ್ದನ್ನು ಮುಚ್ಚಿಡುವುದಿಲ್ಲ. ಆದರೆ ಧ್ವನಿಮುದ್ರಣದ ಕೋಣೆಯನ್ನು ಪರಿಶೀಲಿಸಿದರೆ ಸಮಾಧಾನ ಸಿಗುತ್ತದೆ. ಗಾಜಿನ ಆ ಕಡೆ ಸಂಗೀತ ನಿರ್ದೇಶಕ. ಈ ಚಿತ್ರಕ್ಕೆ ಅದು ಹಂಸಲೇಖ, ಅವರಿಗೂ ಅದೇ ವರ್ಷ ರಾಷ್ಟ್ರಪ್ರಶಸ್ತಿ. ಚಿತ್ರಗೀತೆಯ ಕಸುಬಿನಲ್ಲಿ ಸರಿಯಾಗುವವರೆಗೆ ಇನ್ನೊಂದು ಟೇಕ್, ಮತ್ತೊಂದು ಟೇಕ್ ಎನ್ನುವುದೇ ಆ ಆಸನದ ಧರ್ಮ. ಸಾವಿರಾರು ಹಾಡು ಹಾಡಿದವನು ಅಷ್ಟು ಸಲ ಇಂಥ ಕಿವಿಗಳ ಮುಂದೆ ನಿಂತಿದ್ದಾನೆ. ಅದು ತಾಸಿನ ಲೆಕ್ಕದಲ್ಲಿ ಸಿಕ್ಕ ಗುರುಕುಲ, ಅಷ್ಟೇ ವ್ಯತ್ಯಾಸ. ಜೊತೆಗೆ, ಎಸ್ಪಿಬಿಯವರಂಥ ಕಿವಿ ಹುಟ್ಟಿನಲ್ಲೇ ಬಂದವರು ಗುರು ಬೇಕೇ ಎಂದು ವಾದಿಸುತ್ತ ಕೂಡುವುದಿಲ್ಲ. ವಾದಿಸುವವರಿಗೆ ಅಂಥ ಕಿವಿ ಇರುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಗುರುವೆಂದು ಬೋರ್ಡು ಹಾಕಿದವರೆಲ್ಲ ಗುರುಗಳೆಂದು ತಿಳಿಯಬಾರದು. ಬಾಡಿಗೆ ಕಿವಿಯ ಸಿದ್ಧಾಂತದ ಕತ್ತಿ ಅವರ ಕಡೆಗೂ ತಿರುಗುತ್ತದೆ. ಸಂಜೆ ಐದಕ್ಕೆ ನಲವತ್ತು ಮಕ್ಕಳನ್ನು ಕೂರಿಸಿ, ಹುಡುಗರಿಗೂ ಹುಡುಗಿಯರಿಗೂ ಒಂದೇ ಶ್ರುತಿ ಹಿಡಿದು, ನಲವತ್ತೂ ಒಟ್ಟಿಗೆ ಪಲ್ಟಾ ಕೂಗುವಾಗ ಬಾಗಿಲಲ್ಲಿ ಫೋನು ಹಿಡಿದು ನಿಂತ ಮಾಸ್ತರರು ಬಾಡಿಗೆ ತೆಗೆದುಕೊಂಡು ಕಿವಿ ಕೊಡದವರು. ವ್ಯವಹಾರದ ಭಾಷೆಯಲ್ಲಿ ಇದಕ್ಕೆ ಬೇರೆ ಹೆಸರಿದೆ. ಇನ್ನು ಕೊಡುವ ಗುರುವಿನಲ್ಲೂ ಅಪಾಯವಿಲ್ಲದಿಲ್ಲ. ಶಿಷ್ಯ ಸ್ವರವನ್ನು ಎಷ್ಟು ಹಿಡಿಯುತ್ತಾನೋ ಹೇಳಲಾಗದು, ಗುರುವಿನ ಮುಖ ಸೊಟ್ಟ ಮಾಡುವ ಭಂಗಿಯನ್ನು ಮಾತ್ರ ತಪ್ಪದೆ ಹಿಡಿಯುತ್ತಾನೆ. ಮೊದಲ ತಲೆಮಾರಿನ ಕೆಮ್ಮು ಎರಡನೆಯದರಲ್ಲಿ ಶೈಲಿಯಾಗಿ, ಮೂರನೆಯದರಲ್ಲಿ ಘರಾಣೆಯ ಲಕ್ಷಣವಾಗಿ ನಿಲ್ಲುತ್ತದೆ. ಬಚ್ಚಲು ಘರಾಣೆಯವರ ತಪ್ಪುಗಳು ಅವರವೇ ಸ್ವಂತದವು ಎಂಬ ಹೆಗ್ಗಳಿಕೆಯನ್ನು ಈ ಅಂಶದಲ್ಲಿ ಮಾನ್ಯ ಮಾಡುತ್ತೇವೆ.

ಉಳಿದದ್ದು ಒಂದು ತಾಂತ್ರಿಕ ಪ್ರಶ್ನೆ. ಗುರುವಿಲ್ಲದೆ ಕಲಿತ ಸ್ವಯಂಗಾಯಕ, ನಾಲ್ಕಾರು ಆರತಕ್ಷತೆಗಳ ಬಳಿಕ, ಮನೆಯ ಮುಂದಿನ ಕೋಣೆಯಲ್ಲಿ ಸಂಗೀತದ ಕ್ಲಾಸು ತೆರೆದರೆ ಅವನ ಮಕ್ಕಳು ಯಾವ ಪಕ್ಷ? ಬಚ್ಚಲು ಪಕ್ಷವೆನ್ನಲು ಬರುವುದಿಲ್ಲ, ಅವರಿಗೆ ಗುರುವಿದ್ದಾನೆ. ಗುರುಪಕ್ಷವೆನ್ನಲೂ ಬರುವುದಿಲ್ಲ, ಅವನಿಗೆ ಇರಲಿಲ್ಲ. ಸಾಧಕ ಬಾಧಕಗಳನ್ನು ತೂಗಿ ನೋಡಿದ ಮೇಲೆ ನಮ್ಮ ತೀರ್ಮಾನ ಹೀಗಿದೆ: ಆ ಮಕ್ಕಳ ಮಟ್ಟಿಗೆ ಗುರುಪರಂಪರೆ ಬರುವ ಸೋಮವಾರ ಸಂಜೆ ಆರಕ್ಕೆ ಆರಂಭವಾಗುತ್ತದೆ, ಶುಲ್ಕ ಮುಂಗಡ, ನಲ್ಲಿ ಬರುವ ದಿನ ರಜೆ.